ಲಾಡ್ಜ್‌ಗೆ ಹಾಕಿಸಿದ ಫೈರ್ ಅಲಾರಂ: ಮಾಲು ಚೆನ್ನಾಗಿದೆ, ಸರ್ವಿಸ್ ಅಷ್ಟಕ್ಕಷ್ಟೇ

ಬಳ್ಳಾರಿಯ ನಮ್ಮ ಲಾಡ್ಜ್‌ಗೆ ಅಡ್ರೆಸಬಲ್ ಫೈರ್ ಅಲಾರಂ ಹಾಕಿಸಿದ್ದೇವೆ. ಹೊಗೆ ಯಾವ ರೂಮಿನಲ್ಲಿ ಅಂತ ಪ್ಯಾನೆಲ್ ಮೇಲೆ ನಂಬರ್ ಸಮೇತ ಬರುತ್ತದೆ, ಹಾಗಾಗಿ ಫೈರ್ ಇಂಜಿನ್‌ನವರು ಬಂದಾಗ ಮಹಡಿ ಮಹಡಿ ಹುಡುಕುತ್ತಾ ಹೊತ್ತು ಕಳೆಯಬೇಕಿಲ್ಲ. ಹಳೇ ಮಾದರಿಯಲ್ಲಿ ಝೋನ್, ಅಂದರೆ ಕಟ್ಟಡದ ಯಾವ ಭಾಗ ಅಂತ ಮಾತ್ರ ಗೊತ್ತಾಗುತ್ತದೆ. ಆದರೆ ಅಲಾರಂ ಹಾಕಲು ಬಂದವರು ಪ್ಯಾನೆಲನ್ನು ಸ್ಟೋರ್ ರೂಮಿನಲ್ಲಿ ಕೂರಿಸಲು ಹೊರಟಿದ್ದರು, ಬೀಗ ಹಾಕಿದ ಕೋಣೆಯಲ್ಲಿ ಅದನ್ನು ಯಾರು ನೋಡಬೇಕು? ಜಗಳ ಮಾಡಿ ರಿಸೆಪ್ಷನ್‌ಗೆ ತರಿಸಿದೆವು.

ಕತ್ತಲಲ್ಲಿ ಹೊಳೆಯುವ ಎಕ್ಸಿಟ್ ಪಟ್ಟಿ ಜಾಸ್ತಿ ಇಷ್ಟವಾಯಿತು. ಬೆಳಕು ಹೀರಿಕೊಂಡು ಹೊಳೆಯುತ್ತದೆ, ಕರೆಂಟ್ ಬೇಡ. ಹೊಗೆ ಮೇಲಕ್ಕೆ ಏರುತ್ತದೆ ಅಲ್ವಾ, ಬಗ್ಗಿ ಹೋಗುವವರಿಗೂ ಕಾಣಲಿ ಅಂತ ನೆಲದ ಹತ್ತಿರವೇ ಅಂಟಿಸಿದ್ದಾರೆ. ಕಾರಿಡಾರ್ ಲೈಟ್ ಆರಿಸಿಯೇ ಇಟ್ಟರೆ ಮಾತ್ರ ಇದು ದಂಡ.

ನಮ್ಮೂರಿನ ಧೂಳಿಗೆ ಡಿಟೆಕ್ಟರ್ ಸುಮ್ನೆ ಕೂಗುತ್ತದೆ. ಕ್ಲೀನ್ ಮಾಡಲು ಕರೆದರೆ "ನಾಳೆ ಬರ್ತೀವಿ ಸರ್" ಅಷ್ಟೇ. ವರ್ಷದ ಎಎಂಸಿ (ನಿರ್ವಹಣೆ ಗುತ್ತಿಗೆ) ದುಡ್ಡು ಪೂರ್ತಿ ಮುಂಗಡ ಕೊಡಬೇಡಿ.