ಇಂಗ್ಲೆಂಡಿನ ಪ್ರೈಮರಿ ಶಾಲೆ: ಬ್ರೇಕ್‌ಫಾಸ್ಟ್ ಕ್ಲಬ್, ಆಲ್ಟರ್ನೇಟಿವ್ ಪ್ರೊವಿಷನ್ ಎರಡನ್ನೂ ಬಳಸಿದ ಮೇಲೆ

ನಮ್ಮ ಮಗ ಈಗ ಇಯರ್ ಫೋರ್ (8-9 ವರ್ಷದ ಮಕ್ಕಳ ತರಗತಿ). ಶಾಲೆಯ ಮೊದಲ ವರ್ಷವಾದ ರಿಸೆಪ್ಷನ್‌ನಿಂದಲೂ ಬೆಳಿಗ್ಗೆ ತರಗತಿಗೆ ಮುಂಚೆ ತಿಂಡಿ ಕೊಟ್ಟು ನೋಡಿಕೊಳ್ಳುವ ಬ್ರೇಕ್‌ಫಾಸ್ಟ್ ಕ್ಲಬ್, ಸಂಜೆ ಶಾಲೆ ಬಿಟ್ಟ ಮೇಲೆ ಆಫ್ಟರ್ ಸ್ಕೂಲ್ ಕ್ಲಬ್. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದಿಲ್ಲದೆ ಆಗುವುದೇ ಇಲ್ಲ.

ಮೊದಲು ದುಡ್ಡಿನ ವಿಷಯ. ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರ ನೆರವು ಕೊಡುವ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಖಾತೆಗೆ ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದೆ, ಸಾಮಾನ್ಯವಾಗಿ ಒಂದು ಮಗುವಿಗೆ ವರ್ಷಕ್ಕೆ 2,000 ಪೌಂಡ್‌ವರೆಗೆ. ಆದರೆ ನಿಮ್ಮಿಬ್ಬರ ವೀಸಾದಲ್ಲೂ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತಿದ್ದರೆ ಸಿಗುವುದಿಲ್ಲ. ಹೊಸದಾಗಿ ಬಂದವರು ಇದನ್ನು ಮೊದಲೇ ನೋಡಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ 750 ಶಾಲೆಗಳಲ್ಲಿ ಅರ್ಧ ಗಂಟೆಯ ಉಚಿತ ಬ್ರೇಕ್‌ಫಾಸ್ಟ್ ಕ್ಲಬ್ ಶುರುವಾಯಿತು. ನಿಮ್ಮ ಶಾಲೆ ಆ ಯೋಜನೆಗೆ ಸೇರಿದೆಯಾ ಅಂತ ಆಫೀಸಿನಲ್ಲಿ ಕೇಳಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ಇಯರ್ ಟೂನಲ್ಲಿ ಅವನಿಗೆ ತರಗತಿಯ ಗದ್ದಲ ತಡೆಯಲು ಆಗುತ್ತಿರಲಿಲ್ಲ. ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದ, ಬಾಗಿಲು ತೆಗೆದು ಓಡುತ್ತಿದ್ದ. ವಾರದಲ್ಲಿ ಕೆಲವು ದಿನ ಆಲ್ಟರ್ನೇಟಿವ್ ಪ್ರೊವಿಷನ್‌ಗೆ, ಅಂದರೆ ಮಾಮೂಲಿ ತರಗತಿ ಕಷ್ಟವಾಗುವ ಮಕ್ಕಳಿಗೆ ಬೇರೆ ಕಡೆ ಕಲಿಸುವ ಜಾಗಕ್ಕೆ, ಕಳಿಸೋಣ ಎಂದು ಶಾಲೆಯವರು ಹೇಳಿದರು. ಶಾಲೆಯಿಂದ ಹೊರಗೆ ಹಾಕುತ್ತಿದ್ದಾರೆ ಅಂತ ನಮಗೆ ನಿದ್ದೆ ಬರಲಿಲ್ಲ. ಹಾಗಲ್ಲ. ಹೆಸರು ಶಾಲೆಯ ರಿಜಿಸ್ಟರ್‌ನಲ್ಲೇ ಇತ್ತು, ಜವಾಬ್ದಾರಿಯೂ ಶಾಲೆಯದ್ದೇ.

ಅಲ್ಲಿ ಬೆರಳೆಣಿಕೆಯ ಮಕ್ಕಳು, ಚಿಕ್ಕ ತೋಟ. ಆಲೂಗಡ್ಡೆ ಸಾಲನ್ನು ಟೇಪಿನಲ್ಲಿ ಅಳೆದು, ಎಷ್ಟು ಸೆಂಟಿಮೀಟರ್ ಅಂತ ಚೀಟಿಯಲ್ಲಿ ಬರೆದು ಕಡ್ಡಿಗೆ ಸಿಕ್ಕಿಸುತ್ತಿದ್ದ. ಪೆನ್ಸಿಲ್ ಮುಟ್ಟದ ಹುಡುಗ! ಆ ಟೀಚರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ತೊಂದರೆ ಬೇರೆ ಕಡೆ ಇತ್ತು. ಅವನ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಬೆಳಿಗ್ಗೆಯೇ. ಅವನು ಹೋಗುತ್ತಿದ್ದದ್ದೂ ಬೆಳಿಗ್ಗೆಯೇ. ಮಗ್ಗಿಯಲ್ಲಿ ಹಿಂದೆ ಬಿದ್ದ. ಇಯರ್ ಫೋರ್‌ನಲ್ಲಿ 25 ಪ್ರಶ್ನೆಗಳ ಮಗ್ಗಿ ಪರೀಕ್ಷೆ ಇದೆ, ಗೊತ್ತಲ್ವಾ? ಎರಡು ಕಡೆಯವರೂ ಮಾತಾಡಿಕೊಂಡಿರಲಿಲ್ಲ. ಒತ್ತಾಯ ಮಾಡಿ ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆವು.

ಅವನನ್ನು ಶಾಲೆಗೆ ಅಂಟಿಸಿ ಇಟ್ಟದ್ದು ಕ್ಲಬ್. ಹೊರಗೆ ಹೋಗುವ ದಿನವೂ ಬೆಳಿಗ್ಗೆ ತನ್ನ ತರಗತಿಯ ಮಕ್ಕಳ ಜೊತೆ ಟೋಸ್ಟ್ ತಿನ್ನುತ್ತಿದ್ದ. ಸಂಜೆ ಟ್ಯಾಕ್ಸಿ ಆಫ್ಟರ್ ಸ್ಕೂಲ್ ಕ್ಲಬ್ಬಿಗೇ ತಂದು ಬಿಡುತ್ತಿತ್ತು, ಅದೇ ಮಕ್ಕಳ ಜೊತೆ ಆಟ. ಪೂರ್ತಿ ತರಗತಿಗೆ ವಾಪಸ್ ಬಂದಾಗ ಯಾರಿಗೂ ಅವನು ಹೊಸಬನಾಗಿರಲಿಲ್ಲ. ನಿಮ್ಮ ಮಗುವಿಗೂ ಹೀಗೆ ಹೇಳಿದರೆ ಕ್ಲಬ್ ಮಾತ್ರ ಬಿಡಿಸಬೇಡಿ. ಎಂದಿನವರೆಗೆ, ಯಾವ ಪಾಠ ತಪ್ಪುತ್ತದೆ, ಅದನ್ನು ಯಾರು ಕಲಿಸುತ್ತಾರೆ, ಇಷ್ಟನ್ನೂ ಮೊದಲ ಮೀಟಿಂಗ್‌ನಲ್ಲೇ ಬರೆಸಿಕೊಳ್ಳಿ.