ಹೊಳೆ ಬದಿಯ ಹೋಂಸ್ಟೇ: ಊಟಕ್ಕೆ ಐದು ಸ್ಟಾರ್, ಈಜಿಗೆ ಒಂದು

ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಾಸರಗೋಡಿನ ಪಯಸ್ವಿನಿ ಹೊಳೆ ಬದಿಯ ಒಂದು ಹೋಂಸ್ಟೇಗೆ ಹೋಗಿದ್ದೆವು. ಊಟದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನೀರುದೋಸೆ, ಹಲಸಿನಕಾಯಿ ಪಲ್ಯ, ಕಾಟು ಮಾವಿನ ಗೊಜ್ಜು, ಎಲ್ಲವೂ ಮನೆಯ ರುಚಿ. ರೂಮೂ ಚೊಕ್ಕ.

ಆದರೆ ನಾವು ಹೋದದ್ದು ಹೊಳೆಗಾಗಿ. ಫೋನಿನಲ್ಲಿ "ಮಕ್ಕಳು ಇಡೀ ದಿನ ಈಜಬಹುದು, ಶುದ್ಧ ನೀರು" ಅಂದಿದ್ದರು. ನಾನು ಈಜು ಕಲಿತದ್ದೂ ಇದೇ ಹೊಳೆಯಲ್ಲಿ, ಇನ್ನೂ ಮೇಲೆ ಅಡೂರಿನ ಕಡೆ, ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು, ಕಯದ (ಹೊಳೆಯ ಆಳದ ಗುಂಡಿ) ಅಂಚಿನಲ್ಲಿ ಮಾವ ಕೈ ಬಿಟ್ಟಾಗ ಕಿರುಚಿದ್ದು ಇನ್ನೂ ನೆನಪಿದೆ. ಆಗ ಕಾಲಡಿಯ ಮರಳು ಕಾಣುತ್ತಿತ್ತು.

ಈ ಸಲ ಕಾಲಿಟ್ಟರೆ ಲೋಳೆ. ಕೆಳಗೆ ಹೊಳೆಗೆ ಅಡ್ಡವಾಗಿ ಕಟ್ಟ (ಒಡ್ಡು) ಕಟ್ಟಿದ್ದಾರೆ. ತೋಟಕ್ಕೆ ನೀರು ಬೇಕಲ್ವಾ, ಅದು ತಪ್ಪಲ್ಲ. ಆದರೆ ನೀರು ನಿಂತಲ್ಲಿ ಬಿದ್ದ ಕೊಳೆಯೂ ನಿಲ್ಲುತ್ತದೆ. ದಡದಲ್ಲಿ ಡೈಪರ್, ಸೇತುವೆ ಮೇಲಿಂದ ಎಸೆದ ಕೋಳಿ ತ್ಯಾಜ್ಯದ ಚೀಲ. ಎಲ್ಲಕ್ಕಿಂತ ಬೇಸರವಾದದ್ದು ಹೋಂಸ್ಟೇಯದ್ದೇ ಬಚ್ಚಲು ಪೈಪ್ ನೋಡಿ. ಮಕ್ಕಳು ಇಳಿಯುವ ಮೆಟ್ಟಿಲಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಅದನ್ನು ಹೊಳೆಗೆ ಬಿಟ್ಟಿದ್ದಾರೆ, ಸೋಪಿನ ನೊರೆ ಅಲ್ಲೇ ತೇಲುತ್ತಿತ್ತು.

ಯಜಮಾನರಿಗೆ ಹೇಳಿದೆ. "ಹರಿಯುವ ನೀರಿಗೆ ಏನೂ ಆಗುವುದಿಲ್ಲ ಸರ್" ಅಂದರು. ನೀರು ಹರಿಯುತ್ತಲೇ ಇರಲಿಲ್ಲ. ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳಿದೆ, ಇಲ್ಲವಂತೆ. ಹೊಳೆಯ ಸ್ನಾನಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕವೇ ಇದೆ: 100 ಮಿ.ಲೀ. ನೀರಿನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರ ಒಳಗಿರಬೇಕು, ಏನೇ ಆದರೂ 2,500 ದಾಟಬಾರದು. ತಿಳಿಯಾಗಿ ಕಾಣುವ ನೀರಿನಲ್ಲೂ ಇದು ಇರಬಹುದು, ಲ್ಯಾಬಿಗೆ ಕೊಡದೆ ಗೊತ್ತಾಗುವುದಿಲ್ಲ. ಕಾಲಲ್ಲಿ ಗಾಯವಿದ್ದರೆ ಇಲಿಜ್ವರದ ಭಯ ಬೇರೆ. 2024ರಲ್ಲಿ ಕೇರಳದಲ್ಲೇ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಮಕ್ಕಳು ತೀರಿಕೊಂಡರು, ಅದು ಬೆಚ್ಚಗಿನ ನಿಂತ ನೀರಿನಲ್ಲೇ ಜಾಸ್ತಿ. ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳಿಗೆ ಮುಳುಗು ಹಾಕಿ ಅಂತ ಹೇಗೆ ಹೇಳಲಿ? ಎರಡು ದಿನವೂ ಅವರು ಮೆಟ್ಟಿಲ ಮೇಲೆ ಕೂತು ನೀರು ನೋಡಿದರು, ಅಷ್ಟೇ. ಮಗಳು ಹೊಸ ಈಜುಡುಗೆಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಹೋಗುವವರು ಊಟಕ್ಕೆ ಧೈರ್ಯವಾಗಿ ಹೋಗಿ. ಈಜುವುದಾದರೆ ಮೊದಲು ಪೈಪ್ ಎಲ್ಲಿದೆ ನೋಡಿ, ಮಳೆ ಬಂದ ಮರುದಿನವಂತೂ ಇಳಿಯಲೇ ಬೇಡಿ. ಯಜಮಾನರಿಗೆ ನನ್ನ ಕೋರಿಕೆ ಇಷ್ಟೇ: ಆ ಬಚ್ಚಲು ನೀರನ್ನು ಹಿತ್ತಲಿನ ಬಾಳೆ ಬುಡಕ್ಕೆ ತಿರುಗಿಸಿ, ಹೊಳೆ ನೀರಿನ ರಿಪೋರ್ಟ್ ಮಾಡಿಸಿ ಗೋಡೆಗೆ ಅಂಟಿಸಿ. ಆ ದಿನ ಒಂದು ಫೋನ್ ಮಾಡಿ, ಸ್ಟಾರ್ ನಾನೇ ತಿದ್ದುತ್ತೇನೆ, ಮಗಳನ್ನೂ ಕರೆದುಕೊಂಡು ಬರುತ್ತೇನೆ.