ಅಬ್ಸಿಡಿಯನ್ ಟಿಪ್ಪಣಿಗೆ ಸಿಂಕ್‌ಥಿಂಗ್: ಕಾಸಿಲ್ಲ, ಕೈಕೆಲಸ ಇದೆ

ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಬರೆದದ್ದೆಲ್ಲ ಬರಿಯ ಮಾರ್ಕ್‌ಡೌನ್ ಫೈಲು, ಅಂದರೆ ಸರಳ ಪಠ್ಯ. ನಾಳೆ ಆ್ಯಪ್ ನಿಂತರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಆ್ಯಪ್ ಉಚಿತ, ಲ್ಯಾಪ್‌ಟಾಪ್–ಫೋನ್ ನಡುವೆ ಹೊಂದಿಸುವ ಅವರ ಸ್ವಂತ ಸೇವೆಗೆ ಚಂದಾ ಕಟ್ಟಬೇಕು. ಆ ಚಂದಾ ಉಳಿಸುವವರ ದಾರಿ ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶ. ಫೈಲು ಯಾರ ಸರ್ವರಿನಲ್ಲೂ ಕೂರುವುದಿಲ್ಲ, ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಹಾಗಾಗಿ ಎರಡೂ ಒಂದೇ ಹೊತ್ತಿಗೆ ಚಾಲೂ ಇರಬೇಕು. ಲ್ಯಾಪ್‌ಟಾಪ್ ಮಡಚಿಟ್ಟು ಫೋನಿನಲ್ಲಿ ಹುಡುಕಿದರೆ ಸಿಗುವುದು ಹಳೆಯ ಪ್ರತಿ.

ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿತು. ಈಗ ಹಾಕಿಕೊಳ್ಳಬೇಕಾದದ್ದು ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಅಂಗಡಿಯಲ್ಲಿರುವ ಸಿಂಕ್‌ಥಿಂಗ್-ಫೋರ್ಕ್. ಫೋನಿನ ಅಬ್ಸಿಡಿಯನ್‌ನಲ್ಲಿ ವಾಲ್ಟ್ (ಟಿಪ್ಪಣಿಗಳ ಫೋಲ್ಡರ್) ತೆರೆಯುವಾಗ ‘ಡಿವೈಸ್ ಸ್ಟೋರೇಜ್’ ಆರಿಸಿ. ‘ಆ್ಯಪ್ ಸ್ಟೋರೇಜ್’ ಒತ್ತಿದರೆ ಆ ಫೋಲ್ಡರ್ ಸಿಂಕ್‌ಥಿಂಗ್ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ಕ್ಯೂಆರ್ ಕೋಡ್ ಹಿಡಿದು ಎರಡೂ ಸಾಧನ ಜೋಡಿಸಿ, ಎರಡೂ ಕಡೆ ಒಪ್ಪಿಗೆ ಕೊಡಿ, ಫೋನಿನ ಬ್ಯಾಟರಿ ಸೆಟ್ಟಿಂಗಿನಲ್ಲಿ ಸಿಂಕ್‌ಥಿಂಗ್-ಫೋರ್ಕ್‌ಗೆ ಯಾವ ನಿರ್ಬಂಧವೂ ಇಲ್ಲದಂತೆ ಮಾಡಿ. ಇದೊಂದನ್ನು ಬಿಟ್ಟರೆ ಹಿನ್ನೆಲೆಯಲ್ಲಿ ಫೋನೇ ಅದರ ಕತ್ತು ಹಿಚುಕುತ್ತದೆ.

ಹೆಚ್ಚಿನ ರಗಳೆ ಶುರುವಾಗುವುದು ವರ್ಕ್‌ಸ್ಪೇಸ್ ಫೈಲಿನಿಂದ. ಯಾವ ಟಿಪ್ಪಣಿ ತೆರೆದಿದೆ, ಯಾವ ಕಿಟಕಿ ಎಲ್ಲಿದೆ ಎಂಬುದನ್ನು ಅಬ್ಸಿಡಿಯನ್ ಅದರಲ್ಲಿ ಆಗಾಗ ಬರೆಯುತ್ತಿರುತ್ತದೆ. ಎರಡೂ ಕಡೆ ಬದಲಾದರೆ ಸಿಂಕ್‌ಥಿಂಗ್ ಹಳೆಯದಕ್ಕೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಬಾಲ, ತಾರೀಕು ಅಂಟಿಸಿ ಪಕ್ಕಕ್ಕಿಡುತ್ತದೆ. ನೋಡನೋಡುತ್ತ ಫೋಲ್ಡರ್ ತುಂಬ ಅವೇ. ಸಿಂಕ್‌ಥಿಂಗ್‌ನಲ್ಲಿ ಆ ಫೋಲ್ಡರಿನ ‘ಇಗ್ನೋರ್ ಪ್ಯಾಟರ್ನ್ಸ್’ ಟ್ಯಾಬಿನಲ್ಲಿ workspace.json, workspace-mobile.json ಎಂಬ ಎರಡೂ ಫೈಲುಗಳ ಹೆಸರನ್ನು ಬರೆದುಬಿಡಿ. ಈ ಪಟ್ಟಿ ತಾನಾಗಿ ಆಚೆಗೆ ಹೋಗುವುದಿಲ್ಲ, ಪ್ರತಿ ಸಾಧನದಲ್ಲೂ ಬೇರೆಯಾಗಿ ಬರೆಯಬೇಕು.

ಸಿಂಕ್‌ಥಿಂಗನ್ನು ಬ್ಯಾಕಪ್ ಎಂದು ನಂಬಿ ಕೆಟ್ಟವರು ಕಡಿಮೆಯಿಲ್ಲ. ಫೋನಿನಲ್ಲಿ ಅಳಿಸಿದ್ದು ಸ್ವಲ್ಪ ಹೊತ್ತಿನಲ್ಲೇ ಲ್ಯಾಪ್‌ಟಾಪಿನಲ್ಲೂ ಮಾಯ. ‘ಫೈಲ್ ವರ್ಷನಿಂಗ್’ನಲ್ಲಿ ‘ಸ್ಟ್ಯಾಗರ್ಡ್’ ಆರಿಸಿದರೆ ಹಳೆಯ ಪ್ರತಿಗಳು ಉಳಿಯುತ್ತವೆ: ಮೊದಲ ದಿನಕ್ಕೆ ತಾಸಿಗೊಂದು, ಮೊದಲ 30 ದಿನಕ್ಕೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು. ಆದರೆ ಅದು ಕಾಯುವುದು ಇನ್ನೊಂದು ಸಾಧನದಿಂದ ಬಂದ ಬದಲಾವಣೆಯನ್ನು ಮಾತ್ರ. ಲ್ಯಾಪ್‌ಟಾಪಿನಲ್ಲೇ ಅಳಿಸಿದ್ದನ್ನು ಲ್ಯಾಪ್‌ಟಾಪಿನ ವರ್ಷನಿಂಗ್ ಉಳಿಸದು. ಅದಕ್ಕೇ ಎರಡೂ ಕಡೆ ಹಾಕಬೇಕು, ಮೇಲಿಂದ ವಾರಕ್ಕೊಮ್ಮೆ ಪೆನ್‌ಡ್ರೈವಿಗೊಂದು ನಕಲು.

ಐಫೋನಿಗೆ ಅಧಿಕೃತ ಸಿಂಕ್‌ಥಿಂಗ್ ಇಲ್ಲ. ಐಫೋನ್ ಇರುವವರು ಅಬ್ಸಿಡಿಯನ್‌ಗೆ ಚಂದಾ ಕಟ್ಟುವುದೇ ಲೇಸು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ, ಅದರಲ್ಲಿ ಸಿಂಕ್‌ಥಿಂಗ್‌ನ ತಪ್ಪೇನೂ ಇಲ್ಲ. ‘ಸಾಫ್ಟ್‌ವೇರ್’ ಪದದ ನಡುವೆ ವೇ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರವಿದೆ. ಫೋನಿನ ಕೀಬೋರ್ಡ್ ಅದನ್ನು ಹಾಕಿ, ಲ್ಯಾಪ್‌ಟಾಪಿನದು ಬಿಟ್ಟರೆ ‘ಸಾಫ್ಟ್ವೇರ್’ ಆಗುತ್ತದೆ. ಅಬ್ಸಿಡಿಯನ್‌ಗೆ ಇವೆರಡೂ ಬೇರೆ ಪದ. ಹುಡುಕಿದರೆ ಸಿಗದು, ಕೊಂಡಿ ಕೊಟ್ಟು ಒತ್ತಿದರೆ ಅದೇ ಹೆಸರಿನ ಖಾಲಿ ಟಿಪ್ಪಣಿ ಹುಟ್ಟುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ /ಸಾಫ್ಟ್.?ವೇರ್/ ಎಂದು ಓರೆಗೆರೆಗಳ ನಡುವೆ ಬರೆದರೆ ಎರಡೂ ಸಿಗುತ್ತವೆ. ಫೈಲಿನ ಹೆಸರಲ್ಲಂತೂ ಇಂಥ ಪದ ಬೇಡ. 2025-03-14 ಎಂಬಂತೆ ತಾರೀಕಿಟ್ಟು ಒಂದು ಸರಳ ಪದ ಸೇರಿಸಿದರೆ ಸಾಕು.